ಮಾಲಿಂಗನ ಹೆಸರಿನ ರಕ್ತ

ಕೊಣ್ಣೂರಿನ ಬಸ್ ಸ್ಟ್ಯಾಂಡಿನ ಎದುರು ಮಾಲಿಂಗನ ಹೊಲಿಗೆ ಅಂಗಡಿ. ಅಂಗಡಿ ಎನ್ನುವುದು ಸ್ವಲ್ಪ ಧಾರಾಳದ ಮಾತು. ಒಂದು ಮಶೀನು, ಒಂದು ಸ್ಟೂಲು, ಗೋಡೆಗೆ ಒಂದು ಕನ್ನಡಿ ಇಟ್ಟಮೇಲೆ ಉಳಿದ ಜಾಗದಲ್ಲಿ ಗಿರಾಕಿ ಒಳಗೆ ಬರಬೇಕಾದರೆ ಮಾಲಿಂಗ ಹೊರಗೆ ನಿಲ್ಲಬೇಕು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕುಳಿತು ಊರ ಗಂಡಸರ ಕುತ್ತಿಗೆ, ಎದೆ, ಸೊಂಟ ಅಳೆದು ಒಂದು ಉದ್ದನೆಯ ವಹಿಯಲ್ಲಿ ಬರೆದಿಡುತ್ತ ಬಂದಿದ್ದಾನೆ. ಯಾರ ಹೊಟ್ಟೆ ಯಾವ ವರ್ಷ ಮುಂದೆ ಬಂತು ಎನ್ನುವುದು ಅವರ ಹೆಂಡಿರಿಗೂ ಇಷ್ಟು ಖಚಿತವಾಗಿ ಗೊತ್ತಿರಲಿಕ್ಕಿಲ್ಲ.

ದಿನಕ್ಕೆ ನೂರು ಸಲ ಸೂಜಿಗೆ ದಾರ ಪೋಣಿಸುವ ಈ ಮನುಷ್ಯ ಇಂಜೆಕ್ಷನ್ನಿನ ಸೂಜಿ ಕಂಡರೆ ನೆಲ ಹಿಡಿಯುತ್ತಾನೆ. ಕೋವಿಡ್ ಲಸಿಕೆಯ ಎರಡು ಡೋಸಿಗೂ ಲೆಕ್ಕ ತಪ್ಪದಂತೆ ಎರಡು ಸಲ ಬಿದ್ದಿದ್ದ. ಅವನ ಹೆಂಡತಿ ಶೋಭಾ ಆಶಾ ಕಾರ್ಯಕರ್ತೆ. ಊರಿನ ಹಸುಗೂಸುಗಳಿಂದ ಹಿಡಿದು ಹಣ್ಣುಮುದುಕರವರೆಗೆ ಎಲ್ಲರನ್ನೂ ಪುಸಲಾಯಿಸಿ ಸೂಜಿಯ ಮುಂದೆ ಕೂಡ್ರಿಸಿದವಳಿಗೆ ಮನೆಯ ಗಂಡ ಮಾತ್ರ ಬಗ್ಗಿರಲಿಲ್ಲ.

ಜೂನ್ ತಿಂಗಳಲ್ಲಿ ಯಶೋಧರಾ ಊರಿಗೆ ಬಂದಳು. ಹುಕ್ಕೇರಿಯವಳು, ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಬೆಳೆಗೆ ಹೊಡೆಯುವ ಔಷಧಿ ಮನುಷ್ಯನ ಮೈಯೊಳಗೆ ಏನು ಮಾಡುತ್ತದೆ ಎನ್ನುವುದು ಅವಳ ವಿಷಯ. ಶಾಲೆಯ ಕೋಣೆಯಲ್ಲಿ ಮಂದಿಯನ್ನು ಸೇರಿಸಿ ತಿಳಿಸಿ ಹೇಳಿದಳು.

"ಒಂದೊಂದು ಜೀವಕೋಶದೊಳಗ ಇಪ್ಪತ್ತು ಸಾವಿರ ಜೀನ್ ಅದಾವ್ರಿ. ಕಾಲುವಿ ಗೇಟ್ ಅಂತ ತಿಳೀರಿ. ಎಲ್ಲಾ ಒಮ್ಮೆಲೆ ತೆರೆಯಂಗಿಲ್ಲ. ಯಾವುದು ತೆರೀಬೇಕು, ಯಾವುದು ಮುಚ್ಚಬೇಕು ಅಂತ ಹೊರಗಿಂದ ಸುದ್ದಿ ಬರ್ತೈತಿ. ವಿಷ ಹೊಕ್ಕಿತಂದ್ರ ಸುಳ್ಳು ಸುದ್ದಿ ಶುರು. ಮುಚ್ಚಬೇಕಾದ ಗೇಟ್ ತೆರದ ನಿಂದರ್ತೈತಿ."

"ನಮ್ಮ ಕಾಲುವಿ ಗೇಟಿಗೆ ಖರೆ ಸುದ್ದಿನೂ ಮುಟ್ಟಂಗಿಲ್ರಿ ಮೇಡಂ," ಎಂದ ಹಿಂದೆ ಕುಳಿತ ಒಬ್ಬ. ಎಲ್ಲರೂ ನಕ್ಕರು. ಅವಳೂ ನಕ್ಕಳು.

"ರೋಗ ಹೊರಗ ಕಾಣಸಾಕ ಹತ್ತು ವರ್ಷ ಹಿಡೀಬಹುದ್ರಿ. ಆ ಸುಳ್ಳು ಸುದ್ದಿ ಮಾತ್ರ ರಕ್ತದಾಗ ಈಗ ಓದಾಕ ಬರ್ತೈತಿ. ಅದಕ್ಕ ಬಂದೇನಿ."

ಅವಳಿಗೆ ಔಷಧಿ ಹೊಡೆಯುವವರು ಮೂವತ್ತು ಮಂದಿ ಬೇಕು, ಪಂಪು ಮುಟ್ಟದವರೂ ಮೂವತ್ತು ಮಂದಿ ಬೇಕು. ಒಂದೇ ಊರು, ಒಂದೇ ನೀರು, ಒಂದೇ ರೊಟ್ಟಿ. ಎರಡೂ ಗುಂಪಿನ ರಕ್ತವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪಂಪಿನ ಪಾಲು ಎಷ್ಟು ಎಂದು ತಿಳಿಯುತ್ತದೆ. ಹೆಸರು ಕೂಡಿಸುವ ಕೆಲಸ ಶೋಭಾಳ ಹೆಗಲಿಗೆ ಬಿತ್ತು. ಪಂಪು ಮುಟ್ಟದವರ ಪಟ್ಟಿಯಲ್ಲಿ ಮೊದಲ ಹೆಸರು ಗಂಡನದೇ ಬರೆದಳು. ಮನೆಯವನೇ ಬರದಿದ್ದರೆ ಊರವರು ಬರುತ್ತಾರೆಯೇ? ಮಾಲಿಂಗ ಸಹಿ ಹಾಕಿದ. ಸಹಿಗೆ ಸೂಜಿ ಬೇಕಿರಲಿಲ್ಲವಲ್ಲ.

ಹೊಡೆಯುವವರ ಪಟ್ಟಿಯಲ್ಲಿ ಮೊದಲು ಇರಬೇಕಾದವನು ಯಲ್ಲಾರಿ. ಮಾಲಿಂಗನ ಜೊತೆ ಒಂದೇ ಮಣೆಯ ಮೇಲೆ ಕುಳಿತು ಕಲಿತವನು, ಅಂದರೆ ಒಂದೇ ಮಣೆಯ ಮೇಲೆ ಕುಳಿತು ಕಲಿಯದೆ ಉಳಿದವನು. ಇಪ್ಪತ್ತು ವರ್ಷದಿಂದ ಪಂಪು ಅವನ ಬೆನ್ನಿನ ಮೇಲೆಯೇ ಇದೆ. ಕೊಣ್ಣೂರಿನ ಗೋವಿನಜೋಳ, ಮೂಡಲಗಿ ಕಡೆಯ ಅರಿಷಿಣ, ಯಾರ ಹೊಲಕ್ಕೆ ಹುಳ ಬಿದ್ದರೂ ಫೋನು ಅವನಿಗೆ. ಮುಚ್ಚಳ ತೆಗೆದು ಮೂಸಿದರೆ ಔಷಧಿಯ ಹೆಸರು ಹೇಳುತ್ತಾನೆ ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆ ಅವನ ಮೂಗಿಗೆ ಒಳ್ಳೆಯದಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಶೋಭಾ ಮೂರು ಸಲ ಮನೆಗೆ ಹೋದಳು.

"ಬ್ಯಾಡ ವೈನಿ," ಎಂದ ಅವನು. "ನನ್ನ ರಕ್ತದಾಗ ಏನೈತಿ ಅಂತ ತಿಳಕೊಂಡು ನಾ ಏನ್ ಮಾಡ್ಲಿ? ಯಲ್ಲಾರಿಗೆ ಹಿಂಗಾಗೇತಂತ ಅಂತ ಒಬ್ಬ ಅಂದ್ರ ಸಾಕು, ನಾಳೆ ಯಾರೂ ಕರಿಯಂಗಿಲ್ಲ."

ಯಲ್ಲಾರಿಗೂ ಮಾಲಿಂಗನಿಗೂ ಹಳೆಯ ಮುಯ್ಯಿ ಇತ್ತು. ಈ ಸೀಮೆಯಲ್ಲಿ ಮುಯ್ಯಿ ಎಂದರೆ ರೊಕ್ಕದ ಮಾತಿಲ್ಲ. ನನ್ನ ಹೊಲಕ್ಕೆ ನೀನು ಒಂದು ದಿನ ಬಂದರೆ ನಿನ್ನ ಕೆಲಸಕ್ಕೆ ನಾನು ಒಂದು ದಿನ. ಮಾಲಿಂಗನ ಇಪ್ಪತ್ತು ಗುಂಟೆಗೆ ಯಲ್ಲಾರಿ ಔಷಧಿ ಹೊಡೆದರೆ, ಯಲ್ಲಾರಿಯ ಮನೆಯ ಬಟ್ಟೆಯೆಲ್ಲ ಮಾಲಿಂಗ ಹೊಲಿಯಬೇಕು. ಬಡ್ಡಿಯಿಲ್ಲದ ವ್ಯವಹಾರ. ಅದಕ್ಕೇ ಅದರಿಂದ ಬಿಡಿಸಿಕೊಳ್ಳುವುದು ಕಷ್ಟ.

ಜುಲೈನಲ್ಲಿ ರಕ್ತ ತೆಗೆಯುವವರು ಬಂದರು. ಮೊದಲ ದಿನ ಯಶೋಧರಾ ಖುದ್ದಾಗಿ ಇದ್ದಳು. ಎರಡನೆಯ ದಿನ ಅವಳು ರಕ್ತದ ಕೊಳವೆಗಳನ್ನು ಬರ್ಫದ ಪೆಟ್ಟಿಗೆಯಲ್ಲಿಟ್ಟುಕೊಂಡು ಬೆಳಗಾವಿಗೆ ಹೋಗಿದ್ದಳು. ಶಾಲೆಯಲ್ಲಿ ಕುಳಿತವನು ಊರಿನ ಮುಖ ಕಾಣದ ಟೆಕ್ನಿಶಿಯನ್ನು. ಶೋಭಾಳಿಗೆ ಅಂದು ಕೂಸುಗಳ ಲಸಿಕೆಯ ಕೆಲಸ. ಮಾಲಿಂಗನ ಪಾಳಿ ಅಂದೇ, ಹೆಸರು ನಂಬರು ಬರೆದ ಚೀಟಿ ಅವನ ಕಿಸೆಯಲ್ಲಿತ್ತು. ಹತ್ತು ಗಂಟೆಯಾದರೂ ಅವನು ಅಂಗಡಿಯಲ್ಲಿ ಕುಳಿತು, ಯಾರೂ ಕೇಳದ ಕಾಜ ಹಾಕುತ್ತಿದ್ದ. ಯಲ್ಲಾರಿ ಬೀಡಿ ಹಚ್ಚಲು ಬಂದು ಅವನ ಮುಖ ನೋಡಿದ.

"ಏನ್ಲೇ, ಹೆಣ ಹೊರಾಕ ಹೊಂಟಂಗ ಕುಂತಿ?"

"ಇವತ್ತ ಹೋಗಲಿಲ್ಲಂದ್ರ ಶೋಭಾನ ಮರ್ಯಾದಿ ಹೋಗ್ತೈತಿ. ಹೋದ್ರ ನನ್ನ ಮರ್ಯಾದಿ ಅಲ್ಲೇ ನೆಲದ ಮ್ಯಾಲ ಬೀಳ್ತೈತಿ."

ಯಲ್ಲಾರಿ ಎರಡು ಜುರಕಿ ಹೊಗೆ ಎಳೆದ. "ಚೀಟಿ ಕೊಡ ಇಲ್ಲೆ. ನಾ ಹೋಗಿ ಕೊಟ್ಟ ಬರ್ತೇನಿ."

"ನೀ ನಿನ್ನ ಹೆಸರಲೆ ಕೊಡಂಗಿಲ್ಲ ಅಂದಿ?"

"ನನ್ನ ಹೆಸರಲೆ ಕೊಟ್ರ ಅದು ತಪಾಸಣಿ. ನಿನ್ನ ಹೆಸರಲೆ ಕೊಟ್ರ ಮುಯ್ಯಿ. ಎರಡೂ ಒಂದ ಆಕ್ಕಾವೇನ?"

ಅರ್ಧ ಗಂಟೆಯಲ್ಲಿ ತಿರುಗಿ ಬಂದ. ತನ್ನ ತೋಳಿನ ಹತ್ತಿಯನ್ನೂ ಪಟ್ಟಿಯನ್ನೂ ಹುಷಾರಾಗಿ ಕಿತ್ತು ಮಾಲಿಂಗನ ತೋಳಿಗೆ ಅಂಟಿಸಿದ. ಸಂಜೆ ಶೋಭಾ ಆ ಹತ್ತಿಯನ್ನು ನೋಡಿ ಕಣ್ಣು ತುಂಬಿಕೊಂಡಳು, ಗಂಡನಿಗೆ ಸಜ್ಜಿಗೆ ಮಾಡಿ ಹಾಕಿದಳು. ಮಾಲಿಂಗ ತಿಂದ. ಎರಡನೆಯ ಸಲ ಕೇಳಿಯೂ ತಿಂದ.

ಆಗಸ್ಟ್ ಮಧ್ಯದಲ್ಲಿ ಯಶೋಧರಾ ಬಸ್ಸಿಳಿದು ನೇರ ಅವರ ಮನೆಗೆ ಬಂದಳು. ಕೈಯಲ್ಲಿ ಒಂದು ಲಕೋಟೆ, ಹೆಗಲಿನ ಚೀಲದಲ್ಲಿ ಖಾಲಿ ಬಾಟಲಿಗಳು. ಕುಳಿತವಳು ಚಹಾ ಮುಟ್ಟಲಿಲ್ಲ.

"ಶೋಭಕ್ಕ, ಹೆದರಬ್ಯಾಡ್ರಿ. ಜೀನ್ ನೋಡಿ ರೋಗ ಐತಿ ಅಂತ ಹೇಳಾಕ ಬರಂಗಿಲ್ಲ, ಅದು ಇನ್ನೂ ಸಂಶೋಧನಾ. ಆದ್ರ ಜೋಡಿಗೆ ಎರಡು ಸಾದಾ ಟೆಸ್ಟ್ ಮಾಡಿರ್ತೇವಿ. ಲಿವರ್‌ದು ಒಂದು. ಇನ್ನೊಂದು, ಕೈ ಎತ್ತು ಅಂತ ನರದಿಂದ ಸ್ನಾಯುಗೆ ಸುದ್ದಿ ಹೋಗ್ತೈತಲ್ಲಾ, ಕೆಲಸಾ ಮುಗಿದ ಮ್ಯಾಲ ಆ ಸುದ್ದಿ ಅಳಸಾಕ ರಕ್ತದಾಗ ಒಂದು ಕಿಣ್ವ ಇರ್ತೈತಿ. ಹುಳದ ಔಷಧಿ ಅದರ ಕೈ ಕಟ್ಟಿ ಹಾಕ್ತೈತಿ. ಸುದ್ದಿ ಅಳೀಲಾರದ ಹಂಗ ಉಳೀತೈತಿ. ಕೈ ನಡಗತಾವ, ಬೆವರು ಬರ್ತೈತಿ. ಕಾಕಾರ ರಕ್ತದಾಗ ಆ ಕಿಣ್ವ ಅರ್ಧಕ್ಕಿಂತ ಕಡಿಮಿ ಐತ್ರಿ. ಲಿವರೂ ಸರಿಯಿಲ್ಲ."

ಶೋಭಾ ಗಂಡನ ಕಡೆ ನೋಡಿದಳು. ಗಂಡ ನೆಲ ನೋಡಿದ.

"ನನಗ ತಿಳೀವಲ್ದು," ಎಂದಳು ಯಶೋಧರಾ. "ಹೊಡಿಯೋ ಮೂವತ್ತು ಮಂದ್ಯಾಗೂ ಇಷ್ಟು ಕೆಟ್ಟದ್ದು ಯಾರದೂ ಇಲ್ಲ. ಪಂಪು ಮುಟ್ಟದವರಿಗೆ ಎಲ್ಲಿಂದ ಬಂತು? ನೀರಿನಾಗ ಏನರ ಐತೋ ಏನೋ."

ಮನೆಯ ಹಂಡೆಯಿಂದ, ಓಣಿಯ ಬೋರ್‌ವೆಲ್ಲಿನಿಂದ, ಹಿತ್ತಲಿನ ತೊಟ್ಟಿಯಿಂದ ನೀರು ತುಂಬಿಕೊಂಡಳು. ಒಂದು ವಾರದೊಳಗೆ ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗೆ ಬಂದು ಮತ್ತೊಮ್ಮೆ ತೋರಿಸಬೇಕು ಎಂದು ಲಕೋಟೆಯ ಮೇಲೆ ಮಾಲಿಂಗನ ಪೂರ್ಣ ಹೆಸರು ಬರೆದು ಕೊಟ್ಟು ಹೋದಳು.

ಅಂದಿನಿಂದ ಮಾಲಿಂಗ ರೋಗಿಯಾದ. ಶೋಭಾ ಖಾರ ಬಿಡಿಸಿದಳು, ಚಹಾ ಬಿಡಿಸಿದಳು, ಬೆಳಿಗ್ಗೆ ಒಂದು ಲೋಟ ಹಸಿರು ರಸ ಕುಡಿಸಿದಳು. ಅದು ಏನೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಗಂಡಂದಿರ ಅಂಗಿ ಒಯ್ಯಲು ಬಂದ ಹೆಂಗಸರು ಅವನ ಮುಖ ದಿಟ್ಟಿಸಿ, "ಹೌದ್ರಿ, ಇಳದಾರ," ಎಂದರು. ನಿನ್ನೆಯವರೆಗೆ ಅದೇ ಮುಖವನ್ನು ಅವರು ಗುಂಡು ಎನ್ನುತ್ತಿದ್ದರು. ಓಣಿಯಲ್ಲಿ ಬೋರ್‌ವೆಲ್ ನೀರು ಕುಡಿಯುವುದನ್ನು ಬಿಟ್ಟು ಮಂದಿ ಕ್ಯಾನು ಹಿಡಿದು ಎಲ್ಲೆಲ್ಲಿಗೋ ತಿರುಗತೊಡಗಿದರು.

ಬೇರೆಯವರ ಚೀಲದಲ್ಲಿ ತುಂಬಿ ಮಾರಿದ ಕಾಳು ಹುಳ ಹತ್ತಿ ವಾಪಸು ಬಂದರೆ, ಚೀಲದ ಮೇಲಿನ ಹೆಸರು ಯಾರದು ಎಂದೇ ಪೇಟೆ ಮೊದಲು ಕೇಳುತ್ತದೆ. ಕಾಳು ಯಾರ ಹೊಲದ್ದು ಎನ್ನುವುದು ಮಾಲಿಂಗನೊಬ್ಬನಿಗೇ ಗೊತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಹಳೆಯ ವಹಿಗಳನ್ನು ಕೆಳಗಿಳಿಸಿದ. ಯಲ್ಲಾರಿಯ ಪುಟ ಹುಡುಕಿದ. ಎದೆ ಮೂವತ್ತೆಂಟು. ಎರಡು ವರ್ಷದ ಮೇಲೆ ಮೂವತ್ತಾರೂವರೆ. ಹೋದ ದೀಪಾವಳಿಗೆ ಮೂವತ್ತನಾಲ್ಕು. ಅದರ ಪಕ್ಕದಲ್ಲಿ ತನ್ನದೇ ಅಕ್ಷರ: ಗುಂಡಿ ಬೇಡ, ಟಿಚ್ ಬಟನ್ ಹಚ್ಚುವುದು.

ಆ ದಿನದ ಮಾತು ನೆನಪಾಯಿತು. ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ ಎಂದು ಯಲ್ಲಾರಿ ಅಂದಿದ್ದ. "ಏನ್ ರಾಜಾ, ಗುಂಡಿ ಹಾಕಾಕೂ ಆಳು ಬೇಕಾತ?" ಎಂದು ತಾನು ನಕ್ಕಿದ್ದ. ಹೊಸ ಅಳತೆಗೆ ಹೊಲಿದುಕೊಟ್ಟು, ಅಂಗಿ ಮೈಗೆ ಕೂತಿದೆ ಎಂದು ತನ್ನ ಕೈಯನ್ನು ತಾನೇ ಮೆಚ್ಚಿದ್ದ. ಮೈ ಅಂಗಿಯಿಂದ ಇಳಿದು ಹೋಗುತ್ತಿದ್ದುದನ್ನು ನೋಡಿರಲಿಲ್ಲ.

ವಹಿಯನ್ನು ಕಂಕುಳಲ್ಲಿಟ್ಟುಕೊಂಡು, ಯಲ್ಲಾರಿಯನ್ನು ಎರಡು ದಿನದ ಕೆಲಸಕ್ಕೆ ಕರೆದಿದ್ದ ರೈತ ದುಂಡಪ್ಪನ ಹೊಲಕ್ಕೆ ಹೋದ. ಯಲ್ಲಾರಿ ಬದುವಿನ ಮೇಲೆ ಕುಳಿತು ಔಷಧಿ ಕಲಸುತ್ತಿದ್ದ, ಬರಿಗೈಯಲ್ಲಿ. ಮಾಲಿಂಗ ನಿಂತಲ್ಲೇ ಎಲ್ಲವನ್ನೂ ಹೇಳಿದ. ಯಲ್ಲಾರಿ ಕೇಳಿ ಮುಗಿಸಿ ಕೋಲನ್ನು ಇನ್ನೆರಡು ಸುತ್ತು ತಿರುಗಿಸಿದ.

"ಕಾಗದ ಯಾರ ಹೆಸರಲೆ ಬಂದೈತಿ?"

"ನನ್ನ ಹೆಸರಲೆ. ರಕ್ತ ನಿಂದಲ್ಲೇನೋ?"

"ನಂದ ಇತ್ತು. ನಿನಗ ಕೊಟ್ಟೆ. ಕೊಟ್ಟ ಮ್ಯಾಲ ನಿಂದ. ನೀ ಹೊಲದು ಕೊಟ್ಟ ಅಂಗಿ ಹರದ್ರ ನಿನ್ನ ಮನಿಗೆ ಬಂದು ಅಳತೇನೇನ ನಾನು?"

"ಚ್ಯಾಷ್ಟಿ ಸಾಕು ಯಲ್ಲಾರಿ. ಕೈ ತೋರ್ಸು."

"ಕೈ ನೋಡಾಕ ನೀ ಯಾವಾಗ ಜ್ಯೋತಿಷಿ ಆದಿ?"

ಆದರೂ ಚಾಚಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು, ಕಾಲಿನಿಂದ ತುಳಿದ ಮಶೀನಿನ ಮೇಲೆ ಬಟ್ಟೆ ನಡುಗುವ ಹಾಗೆ. ಯಲ್ಲಾರಿಯೇ ಮೊದಲು ಕೈ ಹಿಂದೆ ತೆಗೆದುಕೊಂಡ.

"ಸತ್ತೆವ್ವಗ ಹೇಳಬ್ಯಾಡ," ಎಂದ. ಸತ್ತೆವ್ವ ಅವನ ಹೆಂಡತಿ. "ಈ ತಿಂಗಳು ಹನ್ನೊಂದು ಹೊಲಾ ಒಪ್ಪಿಕೊಂಡೇನಿ. ಲದ್ದಿಹುಳು ನನ್ನ ಲಿವರ್ ಸುದಾರಸೂತನಾ ಕಾಯತೈತೇನ? ಒಮ್ಮೆ ಬ್ಯಾರೇದವನ ಕರದ್ರಂದ್ರ ಮುಗೀತು, ಮುಂದ ಅವನ ಫೋನ್ ನಂಬರ್ ಇಟ್ಕೋತಾರ."

ಅಂದು ಸಂಜೆ ಮಾಲಿಂಗ ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡ. ಶೋಭಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಲಿಲ್ಲ, ಜೋರಾಯಿತು.

"ಆ ಹತ್ತೀನೂ ಅವಂದ ಏನ್ರಿ?"

"ಹೌದು."

"ಸಜ್ಜಿಗಿ ಮಾತ್ರ ನೀವ ತಿಂದ್ರಿ."

ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಲಿಂಗನಿಗೆ ಅನ್ನಿಸಿತು. ಅವಳೇ ಯಶೋಧರಾಳಿಗೆ ಫೋನು ಹಚ್ಚಿದಳು. ಯಶೋಧರಾ ಒಂದೇ ಸಮನೆ ಹೇಳಿದಳು. ಆ ನಂಬರಿನ ರಕ್ತ ಲೆಕ್ಕದಿಂದ ತೆಗೆಯಬೇಕು, ಮಾರ್ಗದರ್ಶಕರಿಗೆ ಬರೆದು ತಿಳಿಸಬೇಕು. ಎರಡನೆಯ ದಿನ ತೆಗೆದ ರಕ್ತವನ್ನೆಲ್ಲ ಯಾರದು ಯಾರದೆಂದು ಮತ್ತೆ ವಿಚಾರಿಸಬೇಕು. ಅದು ತನ್ನ ಹಣೆಬರಹ, ಇರಲಿ. "ಯಲ್ಲಾರಿಯವರನ್ನ ಮಾತ್ರ ನಾಳೆಯಿಂದ ಪಂಪು ಹಚ್ಚಾಕ ಬಿಡಬ್ಯಾಡ್ರಿ ಶೋಭಕ್ಕ. ಕೈ ಕಟ್ಟಿದ ಆ ಕಿಣ್ವ ಹೊಸದಾಗಿ ಹುಟ್ಟಾಕ ತಿಂಗಳುಗಟ್ಟಲೆ ಬೇಕು. ಅದರ ಮ್ಯಾಲ ಇನ್ನೊಂದು ದೊಡ್ಡ ಹೊಡ್ತಾ ಬಿದ್ರ ಉಸಿರು ಹಿಡೀತೈತಿ. ದವಾಖಾನಿಗೆ ಒಯ್ಯಾಕೂ ವ್ಯಾಳ್ಯಾ ಸಿಗಲಿಕ್ಕಿಲ್ಲ."

ಮರುದಿನ ಬೆಳಿಗ್ಗೆ ಮಾಲಿಂಗ ಯಲ್ಲಾರಿಯ ಮನೆಗೆ ಹೋಗಿ, ಅವನಿಗಿಂತ ಮೊದಲು ಪಂಪಿನ ಪಟ್ಟಿ ಹಿಡಿದ.

"ನನ್ನ ಸಲುವಾಗಿ ನೀ ಸೂಜಿ ಮುಂದ ಕುಂತಿ. ನಿನ್ನ ಸಲುವಾಗಿ ನಾ ಹೊಡೀತೇನಿ. ನೀ ಹುಕ್ಕೇರಿಗೆ ಹೋಗಾಕ ಒಪ್ಪೂತನಾ ದಿನಾ ಹೊಡೀತೇನಿ."

"ನಿನಗ ಪಂಪು ಚಾಲೂ ಮಾಡಾಕರ ಬರ್ತೈತೇನ್ಲೇ?"

"ನೀ ಹೇಳಿಕೊಡ."

ಯಲ್ಲಾರಿ ನಕ್ಕ. ಮುಯ್ಯಿಯನ್ನು ಬೇಡ ಎನ್ನುವುದು ಬೈಗುಳಕ್ಕೆ ಸಮ, ಅದು ಅವನಿಗೂ ಗೊತ್ತು. ಒಂದು ತಾಸು ಬಿಸಿಲಲ್ಲಿ ನಿಂತರೆ ಟೇಲರ್ ತಾನೇ ಓಡಿ ಹೋಗುತ್ತಾನೆ ಎಂದುಕೊಂಡು ಒಪ್ಪಿದ. ಶೋಭಾ ಗಂಡನಿಗೆ ಮಳೆಯಂಗಿ ಹಾಕಿಸಿದಳು, ಆಸ್ಪತ್ರೆಯ ಕೈಗವಸು ತೊಡಿಸಿದಳು, ಮುಖಕ್ಕೆ ಎರಡು ಮಾಸ್ಕು ಕಟ್ಟಿದಳು. ದುಂಡಪ್ಪ ತನ್ನ ಹೊಲದಂಚಿನಲ್ಲಿ ನಿಂತು ಆ ವೇಷ ನೋಡಿ, "ಇದ್ಯಾವ ನಾಟಕದ ಪಾರ್ಟಿಯವರು?" ಎಂದು ಕೇಳಿದ.

ಗೋವಿನಜೋಳ ತಲೆಯೆತ್ತರ ಬೆಳೆದಿತ್ತು. ಯಲ್ಲಾರಿ ಬದುವಿನ ಮೇಲೆ ಗಾಳಿಯ ಕಡೆಗೆ ಕುಳಿತು ಕೂಗುತ್ತಿದ್ದ. "ನಳಿಗಿ ಕೆಳಗ. ಗಾಳಿಗೆ ಬೆನ್ನ ಕೊಡ. ಹೆಜ್ಜಿ ಸಣ್ಣದ ಇಡ, ಮದಿವ್ಯಾಗ ಹೊಂಟಂಗ." ಮೊದಲ ಸಾಲು, ಎರಡನೆಯ ಸಾಲು. ಮೂರನೆಯ ಸಾಲು ತಿರುಗುವಾಗ ಗಾಳಿ ಮಗ್ಗಲು ಬದಲಿಸಿತು. ಬೆಳ್ಳನೆಯ ಮಂಜು ಎಲೆಗಳ ಮೇಲಿಂದ ಎದ್ದು, ಮಾಲಿಂಗನ ಕುತ್ತಿಗೆಯನ್ನು ಸುತ್ತಿ, ತಲೆಯ ಮೇಲೆ ನಿಂತಿತು. ಅವನು ಮುಂದೆ ಹೋದರೆ ಅದೂ ಮುಂದೆ ಹೋಯಿತು. ನಿಂತರೆ ನಿಂತಿತು.

ಯಲ್ಲಾರಿಯ ಕೂಗು ನಿಂತಿತು. ಇಪ್ಪತ್ತು ವರ್ಷ ಆ ಮಂಜಿನ ಒಳಗೇ ಇದ್ದವನು ಅದನ್ನು ಹೊರಗಿನಿಂದ ನೋಡಿರಲಿಲ್ಲ. ಮಾಲಿಂಗ ಕೆಮ್ಮಿದ ಸದ್ದು ಜೋಳದ ಒಳಗಿನಿಂದ ಬಂತು. ಮತ್ತೆ ಕೆಮ್ಮಿದ.

"ಇಳಸ ಅದನ್ನ," ಎಂದ ಯಲ್ಲಾರಿ.

"ಇನ್ನೂ ಅರ್ಧಾ ಪಂಪು ಐತಿ."

"ಇಳಸ ಅಂದ್ರ ಇಳಸ. ಹುಕ್ಕೇರಿ ಬಸ್ ಎಷ್ಟಕ್ಕೈತಿ ನೋಡ."

ದುಂಡಪ್ಪ ಕೂಗಾಡಿದ. ಅರ್ಧ ಹೊಲ ಬಿಟ್ಟು ಹೋಗುವುದು ಯಾವ ಊರ ರೀತಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಹುಳಕ್ಕೆ ಅರ್ಧ ಹೊಲ ಸಾಕು. ಮಾಲಿಂಗ ಕಾಲುವೆಯ ದಂಡೆಯಲ್ಲಿ ಮೈ ತೊಳೆದು ಅಂಗಿ ಬದಲಿಸಿಕೊಂಡ. ತೊಟ್ಟ ಅಂಗಿ ಯಲ್ಲಾರಿಯದು, ಎದೆಯ ಹತ್ತಿರ ಹಿಡಿಯಿತು.

ಹುಕ್ಕೇರಿಯ ಆಸ್ಪತ್ರೆಗೆ ಯಶೋಧರಾ ಬಂದಿದ್ದಳು. ಯಲ್ಲಾರಿಯ ರಕ್ತ ತೆಗೆದರು, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಇನ್ನು ಮೂರು ತಿಂಗಳು ಔಷಧಿಯ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಯಲ್ಲಾರಿ ಅವಳನ್ನು ಕೇಳಿದ.

"ಆ ಸುಳ್ಳು ಸುದ್ದಿ ಅಂದ್ರಲ್ಲಾ ಮೇಡಂ, ಪಂಪು ಇಳಿಸಿದ್ರ ಅವು ನಿಂದರ್ತಾವೇನ್ರಿ?"

"ಕೆಲವು ನಿಂದರ್ತಾವ್ರಿ. ಕೆಲವು ಗೇಟ್ ತೆರದ ಉಳೀತಾವೇನೋ, ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೂರು ತಿಂಗಳ ಮ್ಯಾಲ ನಿಮ್ಮ ರಕ್ತ ಮತ್ತ ನೋಡಿದ್ರ ಒಂದೀಟು ಗೊತ್ತಾಗಬಹುದು."

"ಅಂದ್ರ ಬರಬೇಕಂತೀರಿ."

"ಬರ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಯಲ್ಲಾರಿಯ ಫೋನು ಎರಡು ಸಲ ಬಡಿದುಕೊಂಡಿತು. ಮೂರನೆಯ ಸಲ ಅವನು ಅದನ್ನು ಮಾಲಿಂಗನ ಕೈಗೆ ಕೊಟ್ಟ. ಮೂಡಲಗಿ ಕಡೆಯ ರೈತ. ಅರಿಷಿಣದ ಎಲೆಗೆ ಚುಕ್ಕಿ ಬಿದ್ದಿತ್ತು.

"ಯಲ್ಲಾರಿ ಇನ್ನ ಮೂರು ತಿಂಗಳು ಬರಂಗಿಲ್ರಿ," ಎಂದ ಮಾಲಿಂಗ. "ಆರಾಮಿಲ್ಲ."

"ನೀವ್ಯಾರು? ಇವತ್ತ ದುಂಡಪ್ಪಗ ಹೊಡದವರೇನ್ರಿ? ಸುದ್ದಿ ಕೇಳೀನಿ. ನೀವರ ಬರ್ರಿ ನಾಳೆ."

ಮಾಲಿಂಗನ ಗಂಟಲಲ್ಲಿ ಹೊಲದ ಮಂಜಿನ ಕಹಿ ಇನ್ನೂ ಇತ್ತು. "ಇಲ್ರಿ. ನಾ ಟೇಲರ್ ಅದೀನ್ರಿ."

"ಹೊಡಿಯಾಕ ಬರ್ತೈತಲ್ಲಾ, ಏನ್ ಆದ್ರ ಏನ್ರಿ? ಇರ್ಲಿ ಬಿಡ್ರಿ, ಇಲ್ಲೇ ಒಬ್ಬ ಅದಾನ, ಅವನ್ನ ಕೇಳ್ತೇನಿ."

ಫೋನು ಕಟ್ ಆಯಿತು. ಯಲ್ಲಾರಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದ. "ಏನಂದಾ?"

"ಬ್ಯಾರೆ ಒಬ್ಬನ್ನ ಕರೀತಾನಂತ."

"ಯಾರನ್ನಂತ?"

"ಹೆಸರು ಹೇಳಲಿಲ್ಲ."

ಯಲ್ಲಾರಿ ಫೋನನ್ನು ತಿರುಗಿ ಇಸಿದುಕೊಂಡ, ಆ ನಂಬರು ಹುಡುಕಿದ, ತಾನೇ ಹಚ್ಚಿದ. ನಡುಗುವ ಬೆರಳಿಗೆ ಎರಡು ಸಲ ತಪ್ಪಿತು. ಮೂರನೆಯ ಸಲ ಹತ್ತಿದಾಗ, "ಹೊಡಿಯಾಂವ ಯಾರರ ಇರ್ಲಿ, ಬರಿಗೈಲೆ ಕಲಸಬ್ಯಾಡ ಅಂತ ಹೇಳ್ರಿ," ಎಂದ.